ನಾನು ಬರೆದ ಕಿರುಬ

ನನಗೆ ಸಕ್ಕರೆ ಕಾಯಿಲೆ ಬಂದಿರದಿದ್ದರೆ ಆ ಪ್ರಾಣಿ ಇವತ್ತಿಗೂ ಬದುಕಿರುತ್ತಿತ್ತೇನೋ. ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಬೇಲೂರಿನಲ್ಲಿ ಹನ್ನೊಂದು ವರ್ಷ, ಉಳಿದದ್ದೆಲ್ಲ ಅರಸೀಕೆರೆಯಲ್ಲಿ. ನಿಂತು ನಿಂತೇ ಮಂಡಿ ಸವೆದಿದ್ದವು. ನಿವೃತ್ತಿಯಾದ ಮೇಲಾದರೂ ಹಾಯಾಗಿ ಕೂತಿರೋಣ ಅಂದುಕೊಂಡವಳಿಗೆ ಈ ನಡಿಗೆಯ ಶಿಕ್ಷೆ ಬಂತು.

ಅರಸೀಕೆರೆಯಲ್ಲಿ ನಡೆಯಲು ಜಾಗವೆಲ್ಲಿದೆ? ದೊಡ್ಡ ರಸ್ತೆಯಲ್ಲಿ ಕೊಬ್ಬರಿ ಲಾರಿಗಳು, ಸ್ಟೇಷನ್ ರಸ್ತೆಯಲ್ಲಿ ರೈಲು ತಪ್ಪಿಹೋಗುತ್ತದೆಂದು ಬಾಯಿ ಬಾಯಿ ಬಡಿದುಕೊಳ್ಳುವ ಆಟೋಗಳು. ಕೊನೆಗೆ ಉಳಿದದ್ದು ಕೆರೆ ಏರಿ, ಮತ್ತು ಏರಿಯ ಕೆಳಗಿನ ತೋಪು. ಹಿಂದೊಮ್ಮೆ ಅಲ್ಲಿ ಸಸಿ ಬೆಳೆಸುತ್ತಿದ್ದರಂತೆ. ಬೆಳೆಸುವವರು ಬರುವುದನ್ನು ನಿಲ್ಲಿಸಿದ ಮೇಲೆ ಸಸಿಗಳು ತಮ್ಮ ಪಾಡಿಗೆ ತಾವು ಮರವಾಗಿದ್ದವು. ಹೊಂಗೆ, ಬೇವು, ಕಕ್ಕೆ, ಅವುಗಳ ಬುಡದಲ್ಲಿ ಆಳೆತ್ತರದ ಲಂಟಾನ. ನಾಲ್ಕೈದು ಎಕರೆ ಇದ್ದೀತು. ಸುತ್ತ ಮೂರು ಕಡೆ ಮನೆಗಳು ಎದ್ದಿದ್ದವು, ನಾಲ್ಕನೆಯ ಕಡೆ ರೈಲು ಹಳಿ. ಹಳಿಯ ಆಚೆ ಕುರುಚಲು ಕಾಡಿನ ಗುಡ್ಡಗಳು ಶುರುವಾಗಿ ಮಾಲೇಕಲ್ಲಿನ ಬೆಟ್ಟದ ತನಕ ಹೋಗುತ್ತವೆ.

ಮೊದಲ ವಾರ ನಾನು ನೆಲ ನೋಡಿಕೊಂಡೇ ನಡೆದೆ. ಎರಡನೆಯ ವಾರ ತಲೆ ಎತ್ತಿದೆ. ಪಿಕಳಾರ, ಕೆಂಬೂತ, ಮಿಂಚುಳ್ಳಿ, ಗೌಜಲು. ಇವೆಲ್ಲ ನಾನು ತರಗತಿಯಲ್ಲಿ ನೂರು ಸಲ ಬಾಯಲ್ಲಿ ಹೇಳಿದ್ದ ಹೆಸರುಗಳು. ಅರ್ಥ ಕೇಳಿದ ಮಕ್ಕಳಿಗೆ "ಒಂದು ಬಗೆಯ ಹಕ್ಕಿ" ಎಂದು ಬರೆಸಿ ಮುಂದಿನ ಪದಕ್ಕೆ ಹೋಗಿದ್ದೆ. ಅವು ಹೀಗೆ ರೆಕ್ಕೆ ಬಡಿದುಕೊಂಡು, ಜಗಳವಾಡಿಕೊಂಡು, ನನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಬದುಕಿದ್ದವು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಹಳೇಬೀಡಿನಲ್ಲಿ. ಗುಡಿಯ ಗೋಡೆಯ ಮೇಲೆ ಸಾಲು ಸಾಲಾಗಿ ಕೊರೆದ ಆನೆ, ಹಂಸ, ಮಕರಗಳನ್ನು ಪರ ಊರಿನ ನೆಂಟರಿಗೆ ತೋರಿಸುವುದೇ ನಮಗೆ ರಜೆಯ ಕೆಲಸವಾಗಿತ್ತು. ಪಕ್ಕದ ಕೆರೆಯಲ್ಲಿ ಜೀವವಿರುವ ಹಕ್ಕಿಗಳು ಇಳಿಯುತ್ತಿದ್ದದ್ದನ್ನು ಒಂದು ದಿನವೂ ತಿರುಗಿ ನೋಡಿದ ನೆನಪಿಲ್ಲ. ಅರವತ್ತು ದಾಟಿದ ಮೇಲೆ ಕಣ್ಣು ಬಂತು ಅಂತಿಟ್ಟುಕೊಳ್ಳಿ.

ಏರಿಯ ಮೇಲೆ ನಡೆಯುವವರದ್ದೇ ಒಂದು ಬಳಗವಿತ್ತು. ಬಳಗ ಅಂದ ಮೇಲೆ ವಾಟ್ಸಾಪ್ ಗುಂಪು ಇರಲೇಬೇಕಲ್ಲ, ಇತ್ತು. ಅದರ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಯಾರ ಮನೆಯಲ್ಲಿ ಏನೇ ಆದರೂ ಮೊದಲು ಬಂದು ನಿಲ್ಲುವವರು. ಆದರೆ ಅವರ ಕನ್ನಡ ನನಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಶುಭೋದಯವನ್ನು "ಶುಬೋಧಯ" ಎಂದು ಬರೆಯುತ್ತಿದ್ದರು. ನಾನು ತಿದ್ದುತ್ತಿದ್ದೆ. ಒಂದು ದಿನ ಕೆಂಬೂತದ ಫೋಟೋ ಹಾಕಿ "ನಮ್ಮ ತೋಪಿನ ಕಾಡುಕೋಳಿ" ಎಂದರು. ನಾನು ಗುಂಪಿನಲ್ಲೇ ತಿದ್ದಿದೆ. ಆಮೇಲೆ ಅವರು ಎದುರು ಸಿಕ್ಕಾಗ, "ಮೇಡಂ, ನಿಮ್ಮ ಹತ್ರ ಬಾಯಿ ಬಿಡೋಕೇ ಭಯ ಕಣ್ರೀ," ಎಂದು ನಕ್ಕರು. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಆ ಪ್ರಾಣಿಯನ್ನು ಮೊದಲು ನೋಡಿದ್ದು ಮಾಗಿಯ ಒಂದು ಬೆಳಿಗ್ಗೆ. ಮಂಜಿತ್ತು, ಜನ ಇನ್ನೂ ಬಂದಿರಲಿಲ್ಲ. ತೋಪಿನ ಅಂಚಿನಲ್ಲಿ ಯಾರೋ ಕೋಳಿ ಅಂಗಡಿಯ ಪುಕ್ಕ, ಕರುಳು ತಂದು ಸುರಿಯುತ್ತಿದ್ದರು. ನಾನು ಸೆರಗು ಮೂಗಿಗೆ ಹಿಡಿದು ದಾಟುತ್ತಿದ್ದಾಗ ಲಂಟಾನದ ಸಂದಿಯಿಂದ ಅದು ಹೊರಬಂತು. ನಾಯಿ ಅಂದುಕೊಂಡೆ. ಆದರೆ ನಾಯಿಗೆ ಅಂಥ ಹೆಗಲಿರುವುದಿಲ್ಲ. ಮುಂಭಾಗ ಎತ್ತರ, ಹಿಂಭಾಗ ಜಾರುಬಂಡೆಯ ಹಾಗೆ ಇಳಿದಿತ್ತು. ದೊಡ್ಡ ಕಿವಿ, ಬೆನ್ನ ಮೇಲೆ ಕೇಸರದ ಸಾಲು, ಮಾಸಲು ಮೈಯ ಮೇಲೆ ಕಪ್ಪು ಪಟ್ಟೆಗಳು. ನನ್ನನ್ನು ನೋಡಿತು. ಹೆದರಲಿಲ್ಲ, ಹೆದರಿಸಲೂ ಇಲ್ಲ. ಒಂದು ಕೋಳಿ ತಲೆಯನ್ನು ಕಚ್ಚಿಕೊಂಡು, ದುಡಿದು ದಣಿದವರ ನಡಿಗೆಯಲ್ಲಿ ಒಳಗೆ ಹೋಯಿತು.

ಮನೆಗೆ ಬಂದು ಮಕ್ಕಳ ಪ್ರಾಣಿಪುಸ್ತಕವೊಂದನ್ನು ಹುಡುಕಿ ತೆಗೆದೆ. ಚಿತ್ರ ಸಿಕ್ಕಿತು, ಕೆಳಗೆ ಹೆಸರೂ ಇತ್ತು: ಕಿರುಬ. ಸತ್ತ ಪ್ರಾಣಿಗಳನ್ನು ತಿಂದು ಬದುಕುತ್ತದೆ, ನಾಚಿಕೆಯ ಸ್ವಭಾವ, ಮನುಷ್ಯರ ತಂಟೆಗೆ ಬರುವುದು ಅಪರೂಪ ಎಂದೆಲ್ಲ ಬರೆದಿತ್ತು. ಮುಂದಿನ ಎರಡು ವಾರದಲ್ಲಿ ಇನ್ನೆರಡು ಸಲ ಅದನ್ನು ಕಂಡೆ. ಎರಡನೆಯ ಸಲ ಅದು ನಿಂತು ನನ್ನ ಕಡೆ ಮೂಗು ಎತ್ತಿ ವಾಸನೆ ಹಿಡಿಯಿತು. ನನ್ನ ಜೀವನದಲ್ಲಿ ಯಾರಿಗೂ ಗೊತ್ತಿಲ್ಲದ, ನನಗೊಬ್ಬಳಿಗೇ ಸೇರಿದ ವಿಷಯ ಅಂತ ಇದ್ದದ್ದು ಅದೊಂದೇ. ಅಷ್ಟಕ್ಕೆ ಸುಮ್ಮನಿರಬೇಕಿತ್ತು.

ನನ್ನ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಕೂತು ಮಾತು ಕಡಿಮೆ. ಅವರಿಗೆ ಹೇಳಿದಾಗ ಪೇಪರಿನಿಂದ ತಲೆ ಎತ್ತದೆ, "ಊರಿಗೆಲ್ಲ ಡಂಗುರ ಹೊಡೀಬೇಡ ಕಣೇ. ಇದ್ರೆ ಇರ್ಲಿ ಅದರ ಪಾಡಿಗೆ," ಅಂದರು. "ನಾನ್ಯಾಕ್ರೀ ಡಂಗುರ ಹೊಡೀಲಿ?" ಎಂದು ರೇಗಿದೆ.

ಅದಾದ ಮೂರನೇ ದಿನ, ಭಾನುವಾರ, ಅಧ್ಯಕ್ಷರು ಗುಂಪಿನಲ್ಲಿ ಮುಂಗುಸಿಯ ಫೋಟೋ ಹಾಕಿದರು. ಕೆಳಗೆ ಮೂವತ್ತು ಜನ ವಾಹ್ ವಾಹ್ ಅಂದಿದ್ದರು. ಒಂದು ಮುಂಗುಸಿಗೆ ಇಷ್ಟೊಂದೇ ಎಂದು ನನಗೆ ತಡೆಯಲಾಗಲಿಲ್ಲ. ನಾನು ಬರೆದೆ: "ನಮ್ಮ ತೋಪಿನಲ್ಲಿ ಇದಕ್ಕಿಂತ ಅಪರೂಪದ ಅತಿಥಿ ಇದೆ. ಮೂರು ಸಲ ಕಣ್ಣಾರೆ ಕಂಡಿದ್ದೇನೆ. ಕಿರುಬ. ಸಾಧು ಪ್ರಾಣಿ, ಯಾರೂ ಹೆದರಬೇಕಿಲ್ಲ." ಬರೆದದ್ದನ್ನು ಎರಡು ಸಲ ಓದಿ, ಅಲ್ಪವಿರಾಮ ಸರಿಯಾಗಿದೆಯೇ ನೋಡಿ ಕಳಿಸಿದೆ.

ಐದು ನಿಮಿಷವೂ ಆಗಿರಲಿಲ್ಲ. ಫೋನು ಶುರುವಾಯಿತು. ಮೊದಲು ಅಧ್ಯಕ್ಷರೇ.

"ಮೇಡಂ, ತಮಾಷೆ ಮಾಡ್ತಿಲ್ಲ ತಾನೆ?"

"ನಾನು ಯಾವಾಗ ತಮಾಷೆ ಮಾಡಿದೀನಿ?"

"ಕಿರ್ಬಾನೇನಾ? ಗ್ಯಾರಂಟಿನಾ?"

"ಮೂವತ್ತಮೂರು ವರ್ಷ ಕನ್ನಡ ಹೇಳಿಕೊಟ್ಟಿದೀನಿ. ಕಿರುಬ ಅಂದ್ರೆ ಯಾವುದು ಅಂತ ನನಗೆ ಗೊತ್ತಿಲ್ವಾ?"

"ಅಯ್ಯೋ, ನೀವು ಹೇಳಿದ ಮೇಲೆ ಮುಗೀತು ಬಿಡಿ," ಎಂದರು. ಅವರ ದನಿ ನಡುಗುತ್ತಿದ್ದದ್ದು ನನಗೆ ಕೇಳಿಸಿತು. ಸಂತೋಷಕ್ಕೆ ಎಂದುಕೊಂಡೆ. ಆ ಮಧ್ಯಾಹ್ನ ಹನ್ನೊಂದು ಜನ ಫೋನು ಮಾಡಿರಬಹುದು, ಪರಿಚಯವಿಲ್ಲದವರೂ ಇದ್ದರು. ಪ್ರತಿಯೊಬ್ಬರಿಗೂ ನಾನು ಬೇಸರವಿಲ್ಲದೆ ಹೇಳಿದೆ: ಹೌದು, ಕಿರುಬ, ಮೂರು ಸಲ, ಕೆರೆ ಏರಿಯ ಕೆಳಗೆ, ಕೋಳಿ ಕಸ ಸುರಿಯುವ ಜಾಗದ ಎಡಕ್ಕೆ. ಜಾಗವನ್ನು ಕೂಡ ತಿಳಿಯಾಗಿ, ಪಾಠ ಹೇಳುವ ಹಾಗೆ ಹೇಳಿಕೊಟ್ಟೆ. ಸಂಜೆಯ ವೇಳೆಗೆ ಯಾರೋ ಅದೆಲ್ಲಿಯದೋ ಚಿರತೆಯ ಫೋಟೋ ಹಾಕಿದ್ದರು. ಇವರಿಗೆ ಯಾವ ಪ್ರಾಣಿಯ ಫೋಟೋ ಸಿಕ್ಕರೂ ಸಾಕು ಎಂದು ಗೊಣಗಿ ಫೋನು ಮಗುಚಿಟ್ಟೆ.

ಸೋಮವಾರ ನಾನು ನಡೆಯಲು ಹೋಗಲಿಲ್ಲ, ಮಂಡಿ ನೋಯುತ್ತಿತ್ತು. ಒಂಬತ್ತರ ಹೊತ್ತಿಗೆ ಪಾತ್ರೆ ತೊಳೆಯುವ ಹೆಂಗಸು ಬಂದಳು. ಹಾರನಹಳ್ಳಿ ಕಡೆಯ ಹಳ್ಳಿಯವಳು, ದಿನಾ ಟೆಂಪೋದಲ್ಲಿ ಬರುತ್ತಾಳೆ. ಬರುತ್ತಲೇ ಎದೆ ಮೇಲೆ ಕೈ ಇಟ್ಟುಕೊಂಡು, "ಟೀಚರಮ್ಮ, ಊರೊಳಗೆ ಕಿರ್ಬ ಬಂದೈತಂತಲ್ಲ! ನೀವೇ ನೋಡಿದ್ರಂತೆ. ಟೆಂಪೋದಲ್ಲಿ ಎಲ್ಲಾ ಅದೇ ಮಾತು," ಅಂದಳು.

"ಬಂದರೆ ಏನಾಯ್ತೀಗ? ಅದೇನು ಮಾಡುತ್ತೆ?"

"ಏನ್ ಮಾಡ್ತೈತಾ? ನಮ್ಮಪ್ಪನ ಕಾಲದಲ್ಲಿ ಗುಡ್ಡದಿಂದ ಇಳಿದು ಹಟ್ಟಿಗೇ ನುಗ್ಗಿ ಕರ ಎತ್ಕೊಂಡು ಹೋಗಿತ್ತು. ಮರ ಹತ್ತಿ ಕೂತ್ಕಂತೈತೆ ಅದು. ಮೈ ತುಂಬಾ ಚುಕ್ಕೆ ಚುಕ್ಕೆ, ನೋಡಿದ್ರೆ ಜೀವ ಬಾಯಿಗೆ ಬತ್ತೈತೆ."

ಚುಕ್ಕೆ ಅಂದಾಗ ನನಗೆ ಹೊಳೆಯಿತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕಿರ್ಬ ಅಂದರೆ ಚಿರತೆ. ಪುಸ್ತಕದ ಕಿರುಬವನ್ನು ಇಲ್ಲಿನವರು ಕತ್ತೆಕಿರುಬ ಅನ್ನುತ್ತಾರೆ, ಅದೂ ಅದನ್ನು ಕಂಡಿದ್ದ ಹಳಬರು ಮಾತ್ರ. ಇದು ನನಗೆ ಗೊತ್ತಿಲ್ಲದ್ದಲ್ಲ. ಹಳೇಬೀಡಿನಲ್ಲಿ ನನ್ನ ಅಜ್ಜಿ ಮಕ್ಕಳನ್ನು ಮಲಗಿಸುವಾಗ ಹೆದರಿಸುತ್ತಿದ್ದದ್ದೇ ಚುಕ್ಕೆಯ ಕಿರ್ಬ ಬರುತ್ತೆ ಎಂದು. ಓದಿ ಟೀಚರಾಗುವಷ್ಟರಲ್ಲಿ ಆ ಮಾತನ್ನು ನಾನೇ ತಪ್ಪೆಂದು ತೀರ್ಮಾನಿಸಿಕೊಂಡಿದ್ದೆ. ಬೇಲೂರಿನ ಶಾಲೆಯಲ್ಲಿ ಕಿರುಬ ಅಂದರೆ ಚಿರತೆ ಎಂದು ಬರೆದ ಮಕ್ಕಳಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಹಾಗೆ ಊರಿನ ಭಾಷೆಯನ್ನು ಹೊಡೆದುಹಾಕಿ, ಊರಿನವರಿಗೇ ಪುಸ್ತಕದ ಪದದಲ್ಲಿ ಬರೆದಿದ್ದೆ. ಸಾಧು ಪ್ರಾಣಿ ಎಂದದ್ದನ್ನು ಅವರು ನನ್ನ ಧೈರ್ಯ ಎಂದು ಓದಿಕೊಂಡಿರಬೇಕು.

ಗುಂಪು ತೆರೆದೆ. ಇನ್ನೂರಕ್ಕೂ ಹೆಚ್ಚು ಸಂದೇಶಗಳು ಬಂದಿದ್ದವು. ಬೋನು ತರಿಸುವ ಮಾತಾಗಿತ್ತಂತೆ, ಅದಕ್ಕೆ ಎರಡು ದಿನ ಬೇಕಿತ್ತಂತೆ, ಅಲ್ಲಿಯ ತನಕ ಮಕ್ಕಳ ಗತಿ ಏನು ಎಂದು ಯಾರೋ ಕೇಳಿದ್ದರು. ಪೊದೆ ಇದ್ದರೆ ತಾನೆ ಅದು ಇರುವುದು ಎಂದು ಇನ್ಯಾರೋ ಹೇಳಿದ್ದರು. ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬರುತ್ತದೆ, ಗಂಡಸರೆಲ್ಲ ಸೇರಿ ಎಂದಿತ್ತು ಕೊನೆಯದು. "ಅದು ಚಿರತೆಯಲ್ಲ, ಕತ್ತೆಕಿರುಬ, ದಯವಿಟ್ಟು ನಿಲ್ಲಿಸಿ" ಎಂದು ಬರೆದೆ. ಅವಸರದಲ್ಲಿ ಒತ್ತಕ್ಷರ ತಪ್ಪಿತು, ತಿದ್ದದೆ ಕಳಿಸಿದೆ. ಯಾರೂ ಓದಲಿಲ್ಲ. ಎಲ್ಲರೂ ತೋಪಿನಲ್ಲಿದ್ದರು.

ಯಜಮಾನರು ಸ್ಕೂಟರ್ ತೆಗೆದರು. ಏರಿಯ ಮೇಲೆ ಜಾತ್ರೆಯಷ್ಟು ಜನ. ಕೆಳಗೆ ಅರ್ಧ ತೋಪು ಆಗಲೇ ಮಗುಚಿ ಬಿದ್ದಿತ್ತು, ಹಸಿ ಬೇರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕೆಂಬೂತಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಜನರ ತಲೆಯ ಮೇಲೇ ಹಾರಾಡುತ್ತಿದ್ದವು. ಅಧ್ಯಕ್ಷರು ತಲೆಗೆ ಟವೆಲು ಸುತ್ತಿಕೊಂಡು ಕೋಲು ಹಿಡಿದು ನಿಂತಿದ್ದರು. ನಾನು ಅವರ ತೋಳು ಹಿಡಿದು ಅಲ್ಲಾಡಿಸಿದೆ.

"ನಿಲ್ಲಿಸ್ರೀ! ಅದು ಚಿರತೆ ಅಲ್ಲ. ನಾನು ಹೇಳಿದ್ದು ಕತ್ತೆಕಿರುಬ. ಏನೂ ಮಾಡಲ್ಲ ಅದು."

ಜೆಸಿಬಿಯ ಸದ್ದಿಗೆ ಅವರಿಗೆ ಅರ್ಧ ಕೇಳಿಸಿತು. ಪಕ್ಕದಲ್ಲಿದ್ದವನೊಬ್ಬ, "ಕತ್ತೆನಾ ಕಿರ್ಬಾನಾ, ಒಂದು ಹೇಳಿ ಮೇಡಂ!" ಎಂದು ಕೂಗಿದ. ಸುತ್ತಲಿದ್ದವರು ನಕ್ಕರು. "ನಿನ್ನೆ ಕಿರ್ಬ ಅಂದ್ರಿ, ಇವತ್ತು ಜನ ನೋಡಿ ಹೆದರ್ಕಂಡ್ರಾ?" ಎಂದ ಇನ್ನೊಬ್ಬ. ಅಧ್ಯಕ್ಷರು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, "ಮೇಡಂ, ನೀವು ಹಿಂದೆ ಇರಿ, ಅಪಾಯ," ಎಂದರು. ನಿಜವಾಗಿಯೂ ನನ್ನ ಕಾಳಜಿಯಿಂದಲೇ ಅಂದರು.

ಅಷ್ಟರಲ್ಲಿ ಅದು ಹೊರಬಂತು. ಬಿಸಿಲಿನಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಎಷ್ಟು ಬಡಕಲಾಗಿತ್ತು! ಪಟ್ಟೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಪಟ್ಟೆ ನೋಡಿ ಯಾರಾದರೂ ನಿಲ್ಲುತ್ತಾರೆ ಎಂದು ಒಂದು ಕ್ಷಣ ಅಂದುಕೊಂಡೆ. ಯಾರೋ ಪಟಾಕಿ ಹಚ್ಚಿದರು. ಅದು ಹಳಿಯ ಕಡೆ ಓಡಿತು, ಅಲ್ಲೂ ಜನ. ತಿರುಗಿ ಹಳಿಯ ಕೆಳಗಿನ ಮೋರಿಗೆ ನುಗ್ಗಿತು. ಮೋರಿಯ ಎರಡೂ ಬಾಯಲ್ಲಿ ನಿಂತು ಕಲ್ಲು ಹೊಡೆದರು. ಹಳಿಯ ಪಕ್ಕ ಜಲ್ಲಿಗೆ ಬರವಿರಲಿಲ್ಲ. ನಾನು ಕಿರುಚಿದೆ, ಗಂಟಲು ಕಟ್ಟುವ ತನಕ ಕಿರುಚಿದೆ. ಯಜಮಾನರು ಜನರ ನಡುವೆ ನುಗ್ಗಿ ಒಬ್ಬನ ಕೈ ಹಿಡಿದರು, ಜನ ಅವರನ್ನೇ ತಳ್ಳಿದರು, ಅವರ ಅಂಗಿ ಹರಿಯಿತು. ಅದು ಒಳಗೆ ಒಂದೇ ಒಂದು ಸಲ ಸದ್ದು ಮಾಡಿತು. ನಗುವಿನಂಥ ಸದ್ದು ಎಂದು ಪುಸ್ತಕದಲ್ಲಿ ಬರೆದಿದ್ದರು. ನಗುವಿನ ಹಾಗೆ ಇರಲಿಲ್ಲ.

ಹಗ್ಗ ಹಾಕಿ ಎಳೆದು ಹೊರಗೆ ಮಲಗಿಸಿದಾಗ ಜನ ಸುತ್ತುಗಟ್ಟಿ ಬಗ್ಗಿ ನೋಡಿದರು. "ಇದೇನ್ಲಾ ಇದು, ಚುಕ್ಕೇನೇ ಇಲ್ಲ?" ಅಂದ ಒಬ್ಬ. "ಮರಿ ಇರಬೇಕು ಕಣ್ಲಾ, ದೊಡ್ಡದಾದ ಮೇಲೆ ಚುಕ್ಕೆ ಬರ್ತೈತೆ," ಅಂದ ಇನ್ನೊಬ್ಬ. ಎಲ್ಲರಿಗೂ ಆ ಮಾತು ಸಮಾಧಾನ ತಂದಿತು. ಫೋಟೋ ತೆಗೆಸಿಕೊಂಡರು. ಹಲ್ಲು ನೋಡಿದರೆ ಮುದಿಯದು ಎಂದು ನನಗೇ ತಿಳಿಯುತ್ತಿತ್ತು. ಹೇಳಲು ದನಿ ಇರಲಿಲ್ಲ.

ಉಳಿದರ್ಧ ತೋಪನ್ನು ಆ ವಾರದಲ್ಲೇ ಕೆಡವಿದರು. ಅರ್ಧಕ್ಕೆ ಬಿಟ್ಟರೆ ಇನ್ನೊಂದು ಬಂದು ಸೇರಿಕೊಳ್ಳುತ್ತದೆ ಎಂದರು. ನನಗೆ ಜ್ವರ ಬಂದು ಮಲಗಿದ್ದೆ. ಗುಂಪಿನಲ್ಲಿ ನಾನು ಬರೆದಿದ್ದ "ದಯವಿಟ್ಟು ನಿಲ್ಲಿಸಿ" ಎಂಬುದಕ್ಕೆ ಒಂದೇ ಒಂದು ಉತ್ತರ ಬಂದಿತ್ತು: "ಆಯ್ತು ಮೇಡಂ, ಮುಗೀತು, ಇನ್ನು ಭಯ ಇಲ್ಲ."

ಎರಡು ವಾರದ ಮೇಲೆ ಅಧ್ಯಕ್ಷರೂ ಇನ್ನಿಬ್ಬರೂ ಮನೆಗೆ ಬಂದರು. ಬಳಗದ ವಾರ್ಷಿಕ ಕೂಟದಲ್ಲಿ ನನಗೆ ಸನ್ಮಾನವಂತೆ. ಬೇಡವೆಂದೆ. "ಬೇಡ ಅನ್ನಬಾರದು ಮೇಡಂ, ಮನೆ ಮನೆ ಹೆಂಗಸರದ್ದೂ ಇದೇ ಒತ್ತಾಯ," ಎಂದರು. ಹೋದರೆ ಮೈಕು ಸಿಗುತ್ತದೆ, ಎಲ್ಲರ ಎದುರಿಗೆ ಒಂದೇ ಸಲ ಹೇಳಿಬಿಡಬಹುದು ಎಂದು ಯೋಚಿಸಿ ಒಪ್ಪಿದೆ. ಹೇಳಬೇಕಾದದ್ದನ್ನು ಹಾಳೆಯಲ್ಲಿ ಬರೆದುಕೊಂಡೆ: ನಾನು ತಪ್ಪು ಪದ ಬಳಸಿದೆ, ಸತ್ತದ್ದು ಚಿರತೆಯಲ್ಲ, ಇನ್ನೊಂದು ಕಂಡರೆ ಬಿಟ್ಟುಬಿಡಿ.

ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಅಧ್ಯಕ್ಷರು ಮಾತಾಡುತ್ತ, "ಇವರ ಒಂದು ಪದದಿಂದ ನಮ್ಮ ಮಕ್ಕಳು ಉಳಿದರು," ಎಂದರು. ಮುಂದಿನ ಸಾಲಿನಲ್ಲಿ ಎಳೆಗೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ನನಗೆ ಕೈ ಮುಗಿದಳು. ಮೈಕು ನನ್ನ ಕೈಗೆ ಬಂತು. ಹಾಳೆ ಬಿಚ್ಚಿದೆ. ಆ ತಾಯಿಯ ಮುಖ ನೋಡಿದೆ, ಅಧ್ಯಕ್ಷರ ಮುಖ ನೋಡಿದೆ. ಇಷ್ಟು ಜನರ ಎದುರಿಗೆ, ಶಾಲು ಹೊದ್ದುಕೊಂಡು, ನನಗೊಂದು ಪದದ ಅರ್ಥ ಗೊತ್ತಿರಲಿಲ್ಲ ಎಂದು ಹೇಳಬೇಕಿತ್ತು. ಹಾಳೆಯನ್ನು ಮತ್ತೆ ಮಡಿಸಿದೆ. "ಎಲ್ಲರಿಗೂ ಧನ್ಯವಾದ," ಎಂದು ಕೂತುಬಿಟ್ಟೆ. ಚಪ್ಪಾಳೆ ತಟ್ಟಿದರು. ದಾರಿಯಲ್ಲಿ ಯಜಮಾನರು, "ಹೇಳ್ಬಹುದಿತ್ತು ಕಣೇ," ಅಂದರು, ಅಷ್ಟೇ.

ಒಂದು ತಿಂಗಳೂ ಆಗಿರಲಿಲ್ಲ. ಬಾಣಾವರದ ಕಡೆಯಿಂದ ಯಾರೋ ಕಳಿಸಿದ ಫೋಟೋವನ್ನು ಅಧ್ಯಕ್ಷರು ಗುಂಪಿನಲ್ಲಿ ಹಾಕಿದರು. ಕಪ್ಪು ಪಟ್ಟೆ, ಇಳಿಜಾರು ಬೆನ್ನು, ಬಾಯಲ್ಲಿ ರಕ್ತ. ಸುತ್ತ ಕೋಲು ಹಿಡಿದ ಕಾಲುಗಳು. ಕೆಳಗೆ ಬರೆದಿದ್ದರು: "ನಮ್ಮೂರಲ್ಲಿ ಸಿಕ್ಕಿದ್ದರ ಜೋಡಿ ಇರಬೇಕು. ಮೇಡಂ, ಇದೂ ಕಿರ್ಬಾನೇ ತಾನೆ? ಕನ್ಫರ್ಮ್ ಮಾಡಿ."

ಅವತ್ತು ಕೂತು ಎಲ್ಲವನ್ನೂ ಬರೆದೆ. ಪುಸ್ತಕದ ಕಿರುಬ, ಹಳ್ಳಿಯ ಕಿರ್ಬ, ನನ್ನ ಅಜ್ಜಿ, ನನ್ನ ಜಂಬ, ಮೈಕು ಹಿಡಿದು ಸುಮ್ಮನೆ ಕೂತದ್ದು, ಯಾವುದನ್ನೂ ಬಿಡಲಿಲ್ಲ. ಎರಡೂ ಪ್ರಾಣಿಗಳನ್ನು ಕೊಂದದ್ದು ನಾನು ಎಂದು ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಕೈ ಮುಗಿದ ಚಿತ್ರಗಳು ಒಂದರ ಹಿಂದೊಂದು ಬಂದವು. ಅಧ್ಯಕ್ಷರು, "ಎಂಥ ವಿನಯ ಮೇಡಂ ನಿಮ್ಮದು! ಎರಡಕ್ಕೂ ಕಾರಣ ನೀವೇ ಅಂತ ನಮಗೆಲ್ಲ ಗೊತ್ತು, ಅದಕ್ಕೇ ತಾನೆ ಸನ್ಮಾನ," ಎಂದು ಬರೆದರು. ಈ ಸಲ ಅವರ ಕನ್ನಡದಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಹೇಳಿದ್ದು ತಪ್ಪು ಎಂದು ಮೂವತ್ತಮೂರು ವರ್ಷದಲ್ಲಿ ಯಾರ ಮುಂದೆಯೂ ಒಪ್ಪಿಕೊಂಡವಳಲ್ಲ ನಾನು. ಒಪ್ಪಿಕೊಂಡ ದಿನ ಒಬ್ಬರೂ ನಂಬಲಿಲ್ಲ.